ಇನ್ನೊಬ್ಬರ ಕಿರೀಟ

ಹೊಸ ಅಂಗಿಯನ್ನು ತೊಡುವುದು ಸುಲಭ. ಇನ್ನೊಬ್ಬರು ತೊಟ್ಟು ಬಿಟ್ಟ ಅಂಗಿಯನ್ನು ತೊಡುವುದು ಕಷ್ಟ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ದೊಡ್ಡಪ್ಪನ ಮಗನ ಅಂಗಿಗಳು ಅವನಿಗೆ ಗಿಡ್ಡವಾದಂತೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ಅಂಗಿಯೊಂದೇ ಬಂದಿದ್ದರೆ ಚಿಂತೆಯಿರಲಿಲ್ಲ; ಅದರೊಡನೆ ಅವನ ಭುಜ, ಅವನ ಮೊಣಕೈ, ಅವನ ಠೀವಿ ಎಲ್ಲವೂ ಬರುತ್ತಿದ್ದವು. "ಅವನಿಗೆ ಎಷ್ಟು ಚೆನ್ನಾಗಿ ಒಪ್ತಿತ್ತು!" ಎಂದು ಅಜ್ಜಿ ಒಂದು ಮಾತು ಅಂದರೆ ಸಾಕು, ಅಂಗಿ ಮೈಮೇಲೆ ಮುದುಡಿಕೊಳ್ಳುತ್ತಿತ್ತು. ಅಂಗಿಯ ಮಾತೇ ಹೀಗಾದರೆ ಕಿರೀಟದ ಮಾತೇನು? ಈ ವರ್ಷ ನನ್ನ ತಲೆಯ ಮೇಲೆ ಒಂದು ಕಿರೀಟ ಬಂದು ಕೂತಿತು. ಅದು ಹಸ್ತಿನಾವತಿಯದು, ಆದರೆ ಇಪ್ಪತ್ತೆರಡು ವರ್ಷಗಳಿಂದ ಅದು ನನ್ನ ಚಿಕ್ಕಪ್ಪನದಾಗಿತ್ತು.

ನಮ್ಮ ಕಡೆಯ ಹಳ್ಳಿಗಳ ಪರಿಚಯವಿರುವವರಿಗೆ 'ಕುರುಕ್ಷೇತ್ರ' ನಾಟಕದ ವಿಷಯ ಹೇಳಬೇಕಾಗಿಲ್ಲ. ಪಟ್ಟಣದ ಸಹಪಾಠಿಗಳಿಗಾಗಿ ಎರಡು ಮಾತು. ಜಾತ್ರೆಯ ಮುಂಚೆ ಊರಿನವರೆಲ್ಲ ಸೇರಿ, ಪಾತ್ರಕ್ಕೆ ಇಷ್ಟು ಎಂದು ಹಣ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಒಂದು ರಾತ್ರಿ ಬೆಳಗಾಗುವವರೆಗೆ ಆಡುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ದ್ರೌಪದಿ, ಭಾನುಮತಿಯರೂ ಹೊರಗಿನಿಂದ ಬರುತ್ತಾರೆ. ದುರ್ಯೋಧನ, ಕೃಷ್ಣ, ಭೀಮ, ಕರ್ಣರು ಮಾತ್ರ ನಮ್ಮವರೇ. ಉಳಿದ ದಿನ ನೇಗಿಲು ಹಿಡಿಯುವವರು, ಹಾಲಿನ ಡೈರಿಗೆ ಹಾಲು ಅಳೆಯುವವರು. ಮಾತಿಗಿಂತ ಪದ್ಯ ಹೆಚ್ಚು. ದುರ್ಯೋಧನನಿಗೆ ಸಿಟ್ಟು ಬಂದರೆ ಹಾಡುತ್ತಾನೆ. ದುಃಖ ಬಂದರೂ ಹಾಡುತ್ತಾನೆ. ತೊಡೆ ಮುರಿದು ಬಿದ್ದ ಮೇಲೂ ಹಾಡುತ್ತಾನೆ.

ಚಿಕ್ಕಪ್ಪ ಈ ವರ್ಷವೂ ಯಥಾಪ್ರಕಾರ ರಾಗಿ ಮಾರಿದ ದುಡ್ಡಿನಲ್ಲಿ ಪಾತ್ರದ ಹಣ ಕಟ್ಟಿದರು. ಕಟ್ಟಿದ ಹದಿನೈದು ದಿನಕ್ಕೆ ಅವರ ಕಂಠ ಒಡೆಯಿತು. ನೆಗಡಿಯೆಂದುಕೊಂಡು ಶುಂಠಿ ಕಷಾಯ ಕುಡಿದರು. ಇಳಿಯಲಿಲ್ಲ. ಗಂಟಲೊಳಗೆ ಗಂಟಿದೆಯೆಂದೂ, ಇನ್ನು ಮೇಲೆ ಕೂಗಕೂಡದು, ಹಾಡುವ ಮಾತಂತೂ ಬೇಡವೆಂದೂ ವೈದ್ಯರು ಹೇಳಿದರು. ನಾಟಕಕ್ಕೆ ನಲವತ್ತು ದಿನ ಉಳಿದಿತ್ತು. ಹಣ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. "ಹಣ ಕಟ್ಟಿದ ಮನೆಯವರೇ ಯಾರಾದರೂ ಮಾಡಲಿ" ಎಂದು ಪಂಚಾಯಿತಿ ಕಟ್ಟೆಯಲ್ಲಿ ತೀರ್ಮಾನವಾಯಿತು. ಮನೆಯಲ್ಲಿ ಓದಲು ಬರುವವನು, ರಂಗದ ಮೇಲೆ ನಿಂತು ಅಭ್ಯಾಸವಿರುವವನು ನಾನೊಬ್ಬನೇ. ಚಿಕ್ಕಪ್ಪ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ರಂಗದ ಮೇಲೆ ನಿಂತು ಅಭ್ಯಾಸವೆಂದೆನಲ್ಲ, ಅದರ ಸ್ವರೂಪವನ್ನೂ ಹೇಳಿಬಿಡಬೇಕು. ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಾನು ಮಾರ್ಕ್ ಆಂಟನಿಯ ಭಾಷಣವನ್ನು ಒಪ್ಪಿಸಿ ಒಂದು ಸ್ಟೀಲಿನ ಲೋಟವನ್ನು ಗೆದ್ದವನು. ಎರಡನೆಯ ವರ್ಷದಲ್ಲಿ ಗದ್ಯನಾಟಕವೊಂದರಲ್ಲಿ ನ್ಯಾಯಾಧೀಶನಾಗಿದ್ದವನು. ಅಂದರೆ ನಾನು ಮಾತಿನ ನಟ. ಸಂಗೀತಕ್ಕೂ ನನಗೂ ಇರುವ ಸಂಬಂಧ ನಮ್ಮ ಹಾಸ್ಟೆಲಿನ ಸ್ನಾನದ ಮನೆಯ ಗೋಡೆಗಳಿಗೆ ಮಾತ್ರ ಗೊತ್ತು. ಆ ಗೋಡೆಗಳೂ ಅಲ್ಲಲ್ಲಿ ಬಿರುಕುಬಿಟ್ಟಿವೆ.

ಶನಿವಾರಗಳಲ್ಲಿ ಬೇಗ ಹೊರಡಲು ಅನುಮತಿ ಕೇಳುವುದಕ್ಕೆಂದು ನಮ್ಮ ಇಂಗ್ಲಿಷ್ ಅಧ್ಯಾಪಕರ ಬಳಿಗೆ ಹೋದೆ. ಕಾರಣವನ್ನು ಕೇಳಿ ಅವರು ಕನ್ನಡಕ ತೆಗೆದು ನಕ್ಕರು. "ಅಲೆಕ್ಸ್ ಜೆನಿಂಗ್ಸ್‌ಗೆ ಬಂದ ಕಷ್ಟವೇ ನಿನಗೂ ಬಂದಿದೆಯಲ್ಲಪ್ಪ!" ಎಂದರು. ಆ ಹೆಸರನ್ನು ನಾನು ಕೇಳಿರಲಿಲ್ಲ. "ಪಿಗ್ಮೇಲಿಯನ್ ಓದಿದ್ದೀಯಲ್ಲ, ಅದರ ಮುಂದಿನ ಕಥೆಯನ್ನು ಹುಡುಕಿ ಓದು, ಓದಿಕೊಂಡು ಬಾ, ಅನುಮತಿ ಕೊಡುತ್ತೇನೆ" ಎಂದರು. ಹೀಗೆ ದುರ್ಯೋಧನನ ದೆಸೆಯಿಂದ ನಾನು ಲಂಡನ್ನಿನ ರಂಗಭೂಮಿಯ ಬಾಗಿಲಿಗೆ ಹೋದೆ.

ಬರ್ನಾರ್ಡ್ ಷಾನ 'ಪಿಗ್ಮೇಲಿಯನ್' ನಮ್ಮಲ್ಲಿ ಹಲವರಿಗೆ ತಿಳಿದದ್ದೇ. ಹೂ ಮಾರುವ ಬಡ ಹುಡುಗಿ ಎಲೈಜಾ; ಧ್ವನಿಶಾಸ್ತ್ರದ ಪ್ರೊಫೆಸರ್ ಹಿಗ್ಗಿನ್ಸ್. ಆರು ತಿಂಗಳಲ್ಲಿ ಇವಳ ಮಾತನ್ನು ತಿದ್ದಿ ಇವಳನ್ನು ಶ್ರೀಮಂತರ ಮನೆಯ ಹೆಣ್ಣೆಂದು ಎಲ್ಲರೂ ನಂಬುವಂತೆ ಮಾಡುತ್ತೇನೆಂದು ಅವನ ಪಂಥ. 1913ರಲ್ಲಿ ಈ ನಾಟಕ ಮೊದಲು ವಿಯೆನ್ನಾದಲ್ಲಿ, ಜರ್ಮನ್ ಭಾಷೆಯಲ್ಲಿ ಪ್ರದರ್ಶಿತವಾಯಿತು. 1914ರಲ್ಲಿ ಲಂಡನ್ನಿಗೆ ಬಂತು. ತನ್ನ ಇನ್ನೊಂದು ನಾಟಕವನ್ನು ಯಾರೋ ಸಂಗೀತ ನಾಟಕವನ್ನಾಗಿ ಮಾಡಿದ್ದರಿಂದ ಬೇಸತ್ತಿದ್ದ ಷಾ ತಾನು ಬದುಕಿರುವ ತನಕ ಇದಕ್ಕೆ ಹಾಡು ಹೊಂದಿಸಲು ಒಪ್ಪಲಿಲ್ಲ. ಅವನು ತೀರಿಕೊಂಡದ್ದು 1950ರಲ್ಲಿ. ಆರು ವರ್ಷ ಕಳೆದ ಮೇಲೆ, 1956ರ ಮಾರ್ಚ್ 15ರಂದು, ಅಲನ್ ಜೇ ಲರ್ನರ್ ಮಾತು-ಹಾಡುಗಳನ್ನು ಬರೆದು ಫ್ರೆಡರಿಕ್ ಲೋ ಸಂಗೀತ ಹೊಂದಿಸಿದ 'ಮೈ ಫೇರ್ ಲೇಡಿ' ನ್ಯೂಯಾರ್ಕಿನಲ್ಲಿ ತೆರೆಕಂಡಿತು. ಒಟ್ಟು 2,717 ಪ್ರದರ್ಶನಗಳಾದವು. ಅಂದಿಗೆ ಅದೊಂದು ದಾಖಲೆ.

ಇದರಲ್ಲಿ ಹಿಗ್ಗಿನ್ಸ್ ಆದವರು ರೆಕ್ಸ್ ಹ್ಯಾರಿಸನ್. ಅವರು ಹೆಸರಾಂತ ನಟರು, ಆದರೆ ಗಾಯಕರಲ್ಲ. ಸಂಗೀತ ನಾಟಕದ ನಾಯಕನಿಗೆ ಹಾಡಲು ಬಾರದು! ಇದಕ್ಕೆ ಅವರು ಕಂಡುಕೊಂಡ ಉಪಾಯ ಶ್ರುತಿಯ ಮೇಲೆ ಮಾತಾಡುವುದು. ಸಾಲಿನ ಮೊದಲನ್ನು ಸ್ವರಕ್ಕೆ ತಾಕಿಸಿ, ಮುಂದೆ ಮಾತಿನ ಏರಿಳಿತದಲ್ಲೇ ನಡೆದು, ಬೇಕಾದಲ್ಲಿ ಮತ್ತೆ ಸ್ವರಕ್ಕೆ ಬಂದು ಸೇರುವುದು. ರಾಗದ ಹೊರೆಯನ್ನು ಹೊರುವುದು ವಾದ್ಯಗಳ ಕೆಲಸ. ಕೇಳುವವರಿಗೆ ಹಾಡಿದಂತೆಯೂ ಇರುತ್ತದೆ, ವಾದಿಸಿದಂತೆಯೂ ಇರುತ್ತದೆ. ಹಿಗ್ಗಿನ್ಸ್ ಸದಾ ವಾದಿಸುವ ಮನುಷ್ಯನಾದ್ದರಿಂದ ಈ ಕೊರತೆಯೇ ಪಾತ್ರಕ್ಕೆ ಒಡವೆಯಾಯಿತು.

ಆದರೆ ಒಡವೆಯಾಗುವ ಮುಂಚೆ ಅದು ಉರುಳಾಗಿತ್ತು. ನ್ಯೂಯಾರ್ಕಿಗೆ ಬರುವ ಮೊದಲು ನ್ಯೂ ಹೇವನ್ ಎಂಬ ಊರಿನಲ್ಲಿ ಪ್ರಾಯೋಗಿಕ ಪ್ರದರ್ಶನವಿತ್ತು. ಅಲ್ಲಿಯ ತನಕ ಪಿಯಾನೋ ಒಂದರ ಜೊತೆ ಅಭ್ಯಾಸ ಮಾಡಿದ್ದ ಹ್ಯಾರಿಸನ್ ಅಲ್ಲಿ ಪೂರ್ಣ ವಾದ್ಯವೃಂದದ ಎದುರು ನಿಂತರು. ಅಷ್ಟೊಂದು ವಾದ್ಯಗಳ ನಡುವೆ ತಾವು ಹಿಡಿಯಬೇಕಾದ ಸ್ವರ ಎಲ್ಲಿದೆಯೋ ಅವರಿಗೆ ತಿಳಿಯದೆ ಹೋಯಿತು. ಮೊದಲ ಪ್ರದರ್ಶನದ ದಿನ ತಾವು ರಂಗಕ್ಕೆ ಬರುವುದಿಲ್ಲವೆಂದುಬಿಟ್ಟರು. ಹೊರಗೆ ಹಿಮಪಾತ, ಆ ಹಿಮದಲ್ಲೂ ಜನ ಬರುತ್ತಿದ್ದಾರೆ, ಒಳಗೆ ನಾಯಕ ಒಲ್ಲೆನೆನ್ನುತ್ತಿದ್ದಾನೆ. ಕೊನೆಯ ಗಳಿಗೆಯಲ್ಲಿ ಒಪ್ಪಿ ರಂಗಕ್ಕೆ ಬಂದರು, ಗೆದ್ದರು. ಇದನ್ನು ಓದಿದಾಗ ನನಗೆ ಎಷ್ಟು ಧೈರ್ಯ ಬಂತೆಂದರೆ, ಆ ರಾತ್ರಿ ಮೂರು ಕಂದಪದ್ಯಗಳನ್ನು ಬಾಯಿಪಾಠ ಮಾಡಿದೆ.

ಇನ್ನು ಹ್ಯಾರಿಸನ್ ಬಿಟ್ಟಮೇಲೆ ಬಂದವರ ಕಥೆ. ನ್ಯೂಯಾರ್ಕಿನಲ್ಲಿ 1957ರಲ್ಲಿ ಐರ್ಲೆಂಡಿನ ಎಡ್ವರ್ಡ್ ಮಲ್‌ಹೇರ್ ಆ ಪಾತ್ರಕ್ಕೆ ಬಂದರು. 1958ರ ಏಪ್ರಿಲ್ 30ರಂದು ಇದೇ ನಾಟಕ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಆರಂಭವಾದಾಗ ಅಲ್ಲಿಯೂ ಹ್ಯಾರಿಸನ್ನರೇ ಹಿಗ್ಗಿನ್ಸ್. 1959ರಲ್ಲಿ ಅವರ ಸ್ಥಾನಕ್ಕೆ ಅಲೆಕ್ ಕ್ಲೂನ್ಸ್ ಬಂದರು. ಕ್ಲೂನ್ಸರು ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಳಗಿದವರು. ಲಂಡನ್ನಿನ ಆರ್ಟ್ಸ್ ಥಿಯೇಟರನ್ನು ಹತ್ತು ವರ್ಷದಷ್ಟು ಕಾಲ ನಡೆಸಿದವರು. ಆದರೆ ಇಂದು ಹಿಗ್ಗಿನ್ಸ್ ಎಂದರೆ ಯಾರ ಮುಖ ಕಣ್ಣಿಗೆ ಬರುತ್ತದೆ? ಹ್ಯಾರಿಸನ್ನರದೇ. 1964ರ ಚಲನಚಿತ್ರದಲ್ಲಿಯೂ ಅವರೇ. ಇತರ ಹಾಡುಗಳನ್ನು ಮೊದಲೇ ಧ್ವನಿಮುದ್ರಿಸಿ ತುಟಿ ಕೂಡಿಸುತ್ತಿದ್ದರೆ, ಹ್ಯಾರಿಸನ್ನರು ತಾವು ಎರಡು ಸಲ ಒಂದೇ ರೀತಿ ಹೇಳಲಾರೆವೆಂದು ಹಟಹಿಡಿದು, ಕೊರಳಪಟ್ಟಿಯಲ್ಲಿ ಪುಟ್ಟ ಮೈಕನ್ನು ಬಚ್ಚಿಟ್ಟುಕೊಂಡು ಅಲ್ಲೇ ಹಾಡಿದರು. ಹೀಗೆ ತಮ್ಮ ಉಸಿರನ್ನೂ ಅಚ್ಚೊತ್ತಿ ಹೋದವರ ಹಿಂದೆ ಬರುವವನು ಏನು ಮಾಡಬೇಕು?

ಈಗ ಜೆನಿಂಗ್ಸರ ಮಾತು. 1957ರಲ್ಲಿ ಹುಟ್ಟಿದ ಇವರು ವಾರಿಕ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಬ್ರಿಸ್ಟಲ್ಲಿನ ಓಲ್ಡ್ ವಿಕ್ ನಾಟಕಶಾಲೆಯಲ್ಲಿ ತರಬೇತಿ ಪಡೆದವರು. ರಾಯಲ್ ಷೇಕ್ಸ್‌ಪಿಯರ್ ಕಂಪನಿಯಲ್ಲಿ ಎರಡನೆಯ ರಿಚರ್ಡ್ ಆದರು, ಓಬೆರಾನ್ ಆದರು, 1997ರಲ್ಲಿ ಹ್ಯಾಮ್ಲೆಟ್ ಆದರು. ಇಬ್ಸೆನ್ನನ 'ಪೀರ್ ಗಿಂಟ್'ಗಾಗಿ 1996ರಲ್ಲಿ ಲಂಡನ್ ರಂಗಭೂಮಿಯ ದೊಡ್ಡ ಗೌರವವಾದ ಆಲಿವಿಯರ್ ಪ್ರಶಸ್ತಿ ಪಡೆದರು. ಅದಕ್ಕೂ ಮುಂಚೆ 1988ರಲ್ಲಿ ಹಾಸ್ಯನಟನೆಗೆ ಒಂದು ಬಂದಿತ್ತು. ಎಲ್ಲವೂ ಮಾತಿನ ನಾಟಕಗಳೇ. 2001ರಲ್ಲಿ ಟ್ರೆವರ್ ನನ್ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ 'ಮೈ ಫೇರ್ ಲೇಡಿ'ಯನ್ನು ಹೊಸದಾಗಿ ಆಡಿಸಿದರು. ಆಗ ಹಿಗ್ಗಿನ್ಸ್ ಆದವರು ಜೊನಾಥನ್ ಪ್ರೈಸ್. ಅದೇ ವರ್ಷ ನಾಟಕ ಡ್ರೂರಿ ಲೇನಿಗೆ ಹೋಯಿತು. 2002ರಲ್ಲಿ ಪ್ರೈಸ್ ಬಿಟ್ಟ ಪಾತ್ರವನ್ನು ಜೆನಿಂಗ್ಸ್ ವಹಿಸಿಕೊಂಡರು.

ಇವರ ತಲೆಯ ಮೇಲಿದ್ದ ಭಾರವನ್ನು ನೋಡಿ. ಡ್ರೂರಿ ಲೇನ್ ಸಾಮಾನ್ಯ ರಂಗಮಂದಿರವಲ್ಲ. ಅಲ್ಲಿ 1663ರಿಂದ ಒಂದಲ್ಲ ಒಂದು ನಾಟಕಶಾಲೆ ಇದೆ. ಈಗಿನ ಕಟ್ಟಡವೇ 1812ರದು. ಹ್ಯಾರಿಸನ್ ನಿಂತು ಹಾಡಿದ್ದು ಅಲ್ಲಿಯೇ. ಪ್ರೈಸರೂ ಕಡಿಮೆಯವರಲ್ಲ, ಹ್ಯಾಮ್ಲೆಟ್ ಆಗಿ ಒಂದು ಆಲಿವಿಯರ್ ಗೆದ್ದವರು, 'ಮಿಸ್ ಸೈಗಾನ್' ಎಂಬ ಸಂಗೀತ ನಾಟಕಕ್ಕೆ ಇನ್ನೊಂದು ಗೆದ್ದವರು. ಅಂದರೆ ಜೆನಿಂಗ್ಸರ ಹಿಂದೆ ಇದ್ದದ್ದು ಒಂದು ನೆರಳಲ್ಲ, ಎರಡು. ಅದರ ಮೇಲೆ, ನಡುವೆ ಬಂದ ನಟನಿಗೆ ಹೊಸದಾಗಿ ಏನನ್ನೂ ಕಟ್ಟುವ ಸ್ವಾತಂತ್ರ್ಯ ಹೆಚ್ಚಾಗಿ ಇರುವುದಿಲ್ಲ. ದೀಪ ಎಲ್ಲಿ ಬೀಳಬೇಕು, ಯಾವ ಮೆಟ್ಟಿಲಲ್ಲಿ ನಿಲ್ಲಬೇಕು, ಯಾವ ಮಾತಿಗೆ ತಿರುಗಬೇಕು ಎಲ್ಲವೂ ಹಿಂದಿನವನ ಅಳತೆಗೆ ನಿಶ್ಚಯವಾಗಿರುತ್ತದೆ. ಜೊತೆಯವರು ನೂರಾರು ಸಲ ಆಡಿ ನುರಿತಿರುತ್ತಾರೆ. ಹೊಸಬನೊಬ್ಬನೇ ಎಣಿಸಿ ಎಣಿಸಿ ಹೆಜ್ಜೆಯಿಡಬೇಕು. ಚಲಿಸುವ ಬಸ್ಸಿಗೆ ಹತ್ತಿದವನ ಪಾಡು.

ಷೇಕ್ಸ್‌ಪಿಯರನ ನಟನಿಗೆ ಇಂಥಲ್ಲಿ ಒಂದು ಅನುಕೂಲವೂ ಒಂದು ಅನನುಕೂಲವೂ ಉಂಟೆಂದು ನಮ್ಮ ಅಧ್ಯಾಪಕರು ವಿವರಿಸಿದರು. ಷೇಕ್ಸ್‌ಪಿಯರನ ಪದ್ಯದ ಸಾಲಿಗೆ ಹತ್ತು ಅಕ್ಷರ, ಐದು ಒತ್ತು. ಅರ್ಥ ಮಾತ್ರ ಸಾಲಿಗೆ ನಿಲ್ಲದೆ ನಾಲ್ಕೈದು ಸಾಲು ಹರಿಯುತ್ತದೆ. ಅದನ್ನು ಒಡೆಯದೆ ಒಯ್ಯಬೇಕಾದರೆ ಉಸಿರು ಬೇಕು. ಲಯವನ್ನು ಒಳಗೇ ಇಟ್ಟುಕೊಂಡು ಮೇಲೆ ಸಹಜವಾಗಿ ಮಾತಾಡಿದಂತೆ ತೋರಬೇಕು. ಹಿಗ್ಗಿನ್ಸನ ಹಾಡುಗಳೂ ಹಾಗೆಯೇ: ಇಂಗ್ಲಿಷರಿಗೆ ಇಂಗ್ಲಿಷ್ ಬಾರದೆಂದು ದೂರುವ ಹಾಡಿರಲಿ, ಎಲೈಜಾ ಹೊರಟುಹೋದ ಮೇಲೆ ಅವಳ ಮುಖ ತನಗೆಷ್ಟು ರೂಢಿಯಾಗಿತ್ತೆಂದು ಕಂಡುಕೊಳ್ಳುವ ಕೊನೆಯ ಹಾಡಿರಲಿ, ಎಲ್ಲವೂ ಉದ್ದುದ್ದ ವಾಕ್ಯಗಳು. ಇದು ಅನುಕೂಲ. ಅನನುಕೂಲವೇನೆಂದರೆ, ಹ್ಯಾಮ್ಲೆಟ್ ತನಗೆ ಬೇಕಾದಷ್ಟು ಹೊತ್ತು ಸುಮ್ಮನೆ ನಿಲ್ಲಬಹುದು; ಮೌನ ಅವನ ಕೈಯಲ್ಲಿದೆ. ಹಿಗ್ಗಿನ್ಸನ ಮೌನ ವಾದ್ಯವೃಂದದ ನಾಯಕನ ಕೋಲಿನ ತುದಿಯಲ್ಲಿದೆ. ಭಾವ ಉಕ್ಕಿತೆಂದು ಅರ್ಧ ಕ್ಷಣ ನಿಂತರೆ ಸಂಗೀತ ಮುಂದೆ ಹೋಗಿಬಿಟ್ಟಿರುತ್ತದೆ.

ಈ ಮಾತು ನನಗೆ ಚೆನ್ನಾಗಿ ನಾಟಿತು. ನಮ್ಮ ನಾಟಕದ ಕಂದಪದ್ಯಗಳಲ್ಲಿ ಹಾರ್ಮೋನಿಯಂ ನಟನ ಹಿಂದೆ ಬರುತ್ತದೆ; ನೀವು ಎಷ್ಟು ಎಳೆದರೂ ಮೇಷ್ಟ್ರು ಕಾಯುತ್ತಾರೆ. ತಾಳಕ್ಕೆ ಕಟ್ಟಿದ ಹಾಡುಗಳಲ್ಲಿ ಮಾತ್ರ ತಬಲ ಕಾಯುವುದಿಲ್ಲ. ನಾನು ಪ್ರತಿಸಲವೂ ಬೀಳುತ್ತಿದ್ದದ್ದು ಅಲ್ಲಿಯೇ.

ಮಾರಮ್ಮನ ಗುಡಿಯ ಪಡಸಾಲೆಯಲ್ಲಿ ಅಭ್ಯಾಸ. ನಾನು ಮಾಡುತ್ತಿದ್ದದ್ದು ಚಿಕ್ಕಪ್ಪನ ಅನುಕರಣೆ, ಬೇರೇನೂ ಅಲ್ಲ. ಚಿಕ್ಕಂದಿನಿಂದ ಅವರ ದುರ್ಯೋಧನನನ್ನು ಚಾಪೆಯ ಮೇಲೆ ಕೂತು ನೋಡಿದವನು. ಅವರು ಮೀಸೆಯ ಮೇಲೆ ಬೆರಳಾಡಿಸುವ ರೀತಿ, ಗದೆಯನ್ನು ಹೆಗಲಿಗೆ ತರುವ ರೀತಿ, ಪದ್ಯದ ಕೊನೆಯಲ್ಲಿ ತಾರಸ್ಥಾಯಿಗೆ ಹಾರಿ ಅಲ್ಲೇ ನಿಲ್ಲುವ ರೀತಿ ಎಲ್ಲ ಗೊತ್ತು. ನಾನೂ ಹಾರುತ್ತಿದ್ದೆ, ನಿಲ್ಲಲು ಆಗುತ್ತಿರಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ ಬೀಡಿ ಹಚ್ಚುತ್ತಿದ್ದರು. ಚಿಕ್ಕಪ್ಪ ಅಭ್ಯಾಸದ ಕಡೆ ತಲೆಹಾಕಲೇ ಇಲ್ಲ. ಸಂಜೆಯಾದೊಡನೆ ಕಂಬಳಿ ಹೊದ್ದು ಹೊಲದ ಕಡೆ ಹೋಗಿಬಿಡುತ್ತಿದ್ದರು. ಹಾರ್ಮೋನಿಯಂ ಕೇಳಿಸದಷ್ಟು ದೂರ ಹೋಗುತ್ತಾರೆಂದು ಚಿಕ್ಕಮ್ಮ ಹೇಳಿದಾಗ ನನಗೆ ಅನ್ನ ಸೇರಲಿಲ್ಲ. ನಾನು ಒಂದು ಪಾತ್ರವನ್ನು ಪಡೆದೆನೆಂದುಕೊಂಡಿದ್ದೆ. ಅವರಿಂದ ಒಂದು ಪಾತ್ರ ಹೋಯಿತೆಂಬುದನ್ನು ಯೋಚಿಸಿಯೇ ಇರಲಿಲ್ಲ.

ಆ ವಾರ ಕಾಲೇಜಿಗೆ ಬಂದು ಮತ್ತೆ ಓದಿದಾಗ ಜೂಲಿ ಆಂಡ್ರೂಸರ ಕಥೆ ಬೇರೆಯಾಗಿಯೇ ಕಂಡಿತು. 1956ರಲ್ಲಿ ಮೊದಲ ಎಲೈಜಾ ಆದಾಗ ಅವರಿಗೆ ಇಪ್ಪತ್ತು ವರ್ಷ, ಈಗಿನ ನನ್ನ ವಯಸ್ಸು. ಅಭ್ಯಾಸದಲ್ಲಿ ಸರಿಹೋಗದಿದ್ದಾಗ ನಿರ್ದೇಶಕ ಮಾಸ್ ಹಾರ್ಟ್ ಉಳಿದವರನ್ನೆಲ್ಲ ಕಳಿಸಿ ಎರಡು ದಿನ ಅವರೊಬ್ಬರಿಗೇ ಪಾತ್ರವನ್ನು ತಿದ್ದಿದರಂತೆ. ಹಾಗೆ ದುಡಿದು ಕಟ್ಟಿದ ಪಾತ್ರ ಚಲನಚಿತ್ರವಾದಾಗ ಅವರಿಗೆ ಸಿಕ್ಕಲಿಲ್ಲ. ಆಡ್ರಿ ಹೆಪ್‌ಬರ್ನ್ ಎಲೈಜಾ ಆದರು. ಹೆಪ್‌ಬರ್ನರಿಗೂ ಪೂರ್ಣ ದಕ್ಕಲಿಲ್ಲ. ಅವರ ಹಾಡುಗಳಲ್ಲಿ ಬಹುಪಾಲು ಮಾರ್ನಿ ನಿಕ್ಸನ್ ಎಂಬ ಗಾಯಕಿಯ ಕಂಠದಲ್ಲಿವೆ. ಒಬ್ಬರ ಪಾತ್ರ, ಇನ್ನೊಬ್ಬರ ಮುಖ, ಮತ್ತೊಬ್ಬರ ಗಂಟಲು! ಇಲ್ಲಿಗೇ ಮುಗಿಯಲಿಲ್ಲ. 1997ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಆಂಡ್ರೂಸರ ಹಾಡುವ ಕಂಠವೇ ಹೋಯಿತು. ಇದನ್ನು ಓದಿ ಪುಸ್ತಕ ಮುಚ್ಚಿ ಗ್ರಂಥಾಲಯದ ಕಿಟಕಿಯಿಂದ ಬಹಳ ಹೊತ್ತು ಹೊರಗೆ ನೋಡುತ್ತ ಕುಳಿತೆ.

ಮುಂದಿನ ಶನಿವಾರ ಊರಿಗೆ ಹೋದವನು ಅಭ್ಯಾಸಕ್ಕೆ ಹೋಗದೆ ಹೊಲಕ್ಕೆ ಹೋದೆ. ಚಿಕ್ಕಪ್ಪ ಬದುವಿನ ಮೇಲೆ ಕೂತಿದ್ದರು. "ಚಿಕ್ಕಪ್ಪ, ನನಗೆ ಬರ್ತಿಲ್ಲ. ನೀನು ಬಂದು ಹೇಳ್ಕೊಡು" ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಒಡೆದ ಕಂಠದಲ್ಲಿ ಹೇಳಿದರು: "ಯಾಕ್ಲಾ ಮಗಾ, ನನ್ನಂಗೆ ಅರಚ್ತೀಯಂತೆ? ಅಂಗೆ ಅರಚೇ ನನ್ ಗಂಟ್ಲು ಓಯ್ತು. ನಿಂಗೆ ಎಂಗ್ ಬತ್ತದೋ ಅಂಗೇ ಆಡು."

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮೂರಿನವರ ಬಾಯಲ್ಲಿ ಹಕಾರವಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಹಾಡು ಆಡಾಗುತ್ತದೆ. ಚಿಕ್ಕಪ್ಪ ಹೇಳಿದ್ದು 'ಹಾಡು' ಎಂದೋ 'ಆಡು' ಎಂದೋ? ನಾನು ಕೇಳಲಿಲ್ಲ. ರೆಕ್ಸ್ ಹ್ಯಾರಿಸನ್ ಇಡೀ ಜೀವಮಾನದ ಕೀರ್ತಿಯನ್ನು ಯಾವ ಉಪಾಯದಿಂದ ಸಂಪಾದಿಸಿದರೋ ಅದು ನಮ್ಮೂರಿನ ಮಾತಿನಲ್ಲಿ ಒಂದೇ ಪದವಾಗಿ ಬಿದ್ದಿತ್ತು. ಅಂದಿನಿಂದ ನಾನು ಪದ್ಯಗಳನ್ನು ಶ್ರುತಿಗೆ ತಾಕಿಸಿ ಆಡತೊಡಗಿದೆ. ಮೇಷ್ಟ್ರು ಹುಬ್ಬೇರಿಸಿದರೂ ಬೀಡಿ ಹಚ್ಚಲಿಲ್ಲ. ತಾಳದ ಹಾಡುಗಳಿಗೆ ಚಿಕ್ಕಪ್ಪ ಎದುರು ಕೂತು ತೊಡೆಯ ಮೇಲೆ ಎಣಿಕೆ ಹಾಕಿದರು.

ಈ ಹಕಾರಕ್ಕೆ ನನ್ನ ಜೀವನದಲ್ಲಿ ಇನ್ನೊಂದು ಕಥೆಯಿದೆ. ಎಲೈಜಾಳ ಬಾಯಲ್ಲೂ ಹಕಾರ ನಿಲ್ಲುವುದಿಲ್ಲವೆಂಬುದನ್ನು ಓದಿದವರು ಬಲ್ಲಿರಿ. ಮೊದಲ ವರ್ಷ, ಮೊದಲ ವಾರ, ತರಗತಿಯಲ್ಲಿ ಎದ್ದುನಿಂತು "ಆಸ್ಟೆಲ್‌ನಲ್ಲಿದ್ದೇನೆ ಸಾರ್" ಎಂದೆ. ತರಗತಿ ನಕ್ಕಿತು. ಆ ನಗೆಯಲ್ಲಿ ಕೆಟ್ಟತನವಿರಲಿಲ್ಲ. ಆದರೂ ಅಂದು ರಾತ್ರಿ ಬಾಯಿಯ ಮುಂದೆ ಅಂಗೈ ಹಿಡಿದು, ಉಸಿರು ತಾಕುವವರೆಗೂ 'ಹ' ಎಂದುಕೊಂಡೆ. ಮೂರು ವರ್ಷದಲ್ಲಿ ನನ್ನ ಮಾತು ತಿದ್ದಿಕೊಂಡಿತು. ಮೊದಲು ಕಾಲೇಜಿನಲ್ಲಿ ಒಂದು, ಊರಲ್ಲಿ ಒಂದು ಭಾಷೆಯಿತ್ತು. ಬರಬರುತ್ತ ಊರಲ್ಲಿಯೂ ಕಾಲೇಜಿನ ಭಾಷೆಯೇ ಬಾಯಿಗೆ ಬಂದು, ಅಮ್ಮ ನನ್ನೊಡನೆ ಮಾತಾಡುವಾಗ ಯೋಚಿಸಿ ಮಾತಾಡತೊಡಗಿದಳು. ಷಾನ ನಾಟಕದ ಗಂಟು ಇರುವುದು ಇಲ್ಲಿಯೇ. ಎಲೈಜಾ ಪಂಥದಲ್ಲಿ ಗೆಲ್ಲಿಸಿದಳು, ಸರಿ. ಆಮೇಲೆ ಅವಳು ಎಲ್ಲಿಗೆ ಹೋಗಬೇಕು? ಹೂವಿನ ಬುಟ್ಟಿಗೆ ಹಿಂತಿರುಗಲಾರಳು, ಶ್ರೀಮಂತರ ಮನೆ ಅವಳದಲ್ಲ. ಷಾ 1916ರಲ್ಲಿ ನಾಟಕಕ್ಕೆ ಒಂದು ಬಾಲಬರಹ ಸೇರಿಸಿ ಅವಳು ಫ್ರೆಡ್ಡಿಯನ್ನು ಮದುವೆಯಾಗಿ ಹೂವಿನ ಅಂಗಡಿ ಇಟ್ಟಳೆಂದ. ಸಂಗೀತ ನಾಟಕದವರು ಅವಳನ್ನು ಹಿಗ್ಗಿನ್ಸನ ಮನೆಗೆ ಹಿಂತಿರುಗಿಸಿದರು. ಎರಡೂ ನನಗೆ ಸಮಾಧಾನ ಕೊಡಲಿಲ್ಲ. ನಮ್ಮ ಮನೆತನದಲ್ಲಿ ಮೊದಲ ಪದವೀಧರನಾಗುವವನು ನಾನು. ಆಮೇಲೆ ಎಲ್ಲಿಗೆ ಎಂಬುದು ನನಗೆ ಬರಿಯ ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ.

ನಾಟಕದ ರಾತ್ರಿ ಬಂತು. ಕಿರೀಟ ಚಿಕ್ಕಪ್ಪನ ತಲೆಯ ಅಳತೆಯದು; ನನ್ನದು ಸಣ್ಣ ತಲೆ. ಅವರೇ ಹಳೆಯ ಟವಲನ್ನು ಮಡಿಸಿ ಒಳಗಿಟ್ಟು, ನನ್ನ ತಲೆಗೆ ಕೂರಿಸಿ, ಎರಡು ಸಲ ಅಲುಗಾಡಿಸಿ ನೋಡಿದರು. ದರ್ಬಾರಿನ ದೃಶ್ಯ ನಡೆಯಿತು. ಮೊದಲ ತಾಳದ ಹಾಡಿನಲ್ಲಿ ತಬಲಕ್ಕಿಂತ ಅರ್ಧ ಹೆಜ್ಜೆ ಹಿಂದಾದೆ, ಹೇಗೋ ಹಿಡಿದುಕೊಂಡೆ. ನಡುರಾತ್ರಿ ದಾಟಿತ್ತು. ಭೀಷ್ಮನೊಡನೆ ಆಡುವ ದೊಡ್ಡ ಮಾತೊಂದರ ನಡುವೆ ನನಗೆ ಎಲ್ಲವೂ ಮರೆತುಹೋಯಿತು. ಪುಸ್ತಕ ಹಿಡಿದು ಕೂತಿದ್ದವನು ಹಾಳೆ ತಿರುವುತ್ತಲೇ ಇದ್ದ. ಆಗ ಪಕ್ಕದ ಪರದೆಯ ಮರೆಯಿಂದ ಒಂದು ಗೊಗ್ಗರು ದನಿ ಬಂತು. ಅಕ್ಷರ ಬಾರದ, ಹೆಬ್ಬೆಟ್ಟು ಬಿಟ್ಟು ಸಹಿ ಕಲಿತದ್ದೇ ಹೆಚ್ಚೆನ್ನುವ ನನ್ನ ಚಿಕ್ಕಪ್ಪ, ಬರಿಯ ಕಿವಿಯಿಂದ ಕಲಿತ ಆ ಹಳೆಯ ರಾಜಗಂಭೀರ ಕನ್ನಡವನ್ನು ತಪ್ಪಿಲ್ಲದೆ ಎತ್ತಿಕೊಟ್ಟರು. "ಹಸ್ತಿನಾವತಿಯ..." ಎಂದು ಮೊದಲಾಯಿತು ಆ ಮಾತು. ಹಕಾರ ಸ್ಪಷ್ಟವಾಗಿತ್ತು. ಮಹಾಪ್ರಾಣಗಳೂ ಅಷ್ಟೇ ಸ್ಪಷ್ಟವಾಗಿದ್ದವು.

ಆ ಕ್ಷಣದಲ್ಲಿ ನನಗೆ ತಿಳಿದದ್ದು ಇಷ್ಟು. ಎಲೈಜಾಳಿಗೆ ಒಂದು ಭಾಷೆ ಕಲಿಸಿ ಇನ್ನೊಂದನ್ನು ಕಿತ್ತುಕೊಂಡರು. ನಮ್ಮ ಊರಿನವರು ಹಾಗಲ್ಲ. ವರ್ಷಕ್ಕೊಮ್ಮೆ ರಾಜರ ಭಾಷೆಯನ್ನು ಕಿರೀಟದಂತೆ ತೊಡುತ್ತಾರೆ, ಬೆಳಗಾದ ಮೇಲೆ ತೆಗೆದಿಡುತ್ತಾರೆ. ತೊಟ್ಟದ್ದಕ್ಕೆ ಗರ್ವವಿಲ್ಲ, ತೆಗೆದದ್ದಕ್ಕೆ ನಾಚಿಕೆಯಿಲ್ಲ. 'ಹ' ಎನ್ನಲು ಚಿಕ್ಕಪ್ಪನಿಗೆ ಎಂದೂ ಬಾರದೆ ಇರಲಿಲ್ಲ. ಮನೆಯಲ್ಲಿ ಅದು ಬೇಕಾಗಿರಲಿಲ್ಲ, ಅಷ್ಟೆ. ಅಂಗೈ ಹಿಡಿದು ಉಸಿರು ನೋಡಿಕೊಂಡವನು ನಾನೊಬ್ಬನೇ.

ನಾಟಕ ಮುಗಿಯಿತು. ನನಗೆ ಯಾರೂ 'ವನ್ಸ್ ಮೋರ್' ಎನ್ನಲಿಲ್ಲ. "ನಿಮ್ ಚಿಕ್ಕಪ್ಪನಷ್ಟಿಲ್ಲ ಕಣಪ್ಪ, ಆದ್ರೂ ನೀನೇಳಿದ ಪದ್ಯದ ಅರ್ಥ ಈ ಸಾರಿ ಗೊತ್ತಾಯ್ತು" ಎಂದರು ಹಿರಿಯರೊಬ್ಬರು. ನನಗೆ ಅಷ್ಟೇ ಸಾಕಾಯಿತು.

ಜೆನಿಂಗ್ಸರ ಕಥೆಯ ಕೊನೆಯನ್ನು ಹೇಳಿಬಿಡುತ್ತೇನೆ. ಪಾತ್ರ ವಹಿಸಿಕೊಂಡ ಮರುವರ್ಷ, 2003ರಲ್ಲಿ, ಸಂಗೀತ ನಾಟಕದ ಶ್ರೇಷ್ಠ ನಟನೆಂದು ಅವರಿಗೆ ಆಲಿವಿಯರ್ ಪ್ರಶಸ್ತಿ ಬಂತು. ಅವರೊಡನೆ ಎಲೈಜಾಳ ಪಾತ್ರವನ್ನು ನಡುವೆಯೇ ವಹಿಸಿಕೊಂಡಿದ್ದ ಜೊಆನಾ ರೈಡಿಂಗರಿಗೂ ಬಂತು. ಇನ್ನೊಬ್ಬರು ಬಿಟ್ಟ ಪಾತ್ರಗಳೇ ಎರಡೂ! 2014ರಲ್ಲಿ ಅದೇ ಡ್ರೂರಿ ಲೇನಿನಲ್ಲಿ, 'ಚಾರ್ಲಿ ಅಂಡ್ ದಿ ಚಾಕಲೇಟ್ ಫ್ಯಾಕ್ಟರಿ'ಯಲ್ಲಿ, ಡಗ್ಲಸ್ ಹಾಜ್ ಬಿಟ್ಟ ವಿಲ್ಲಿ ವಾಂಕನ ಪಾತ್ರಕ್ಕೂ ಅವರೇ ಹೋದರು. 2016ರಲ್ಲಿ, ನಾಟಕಕ್ಕೆ ಅರವತ್ತು ವರ್ಷ ತುಂಬಿದಾಗ, ಆಸ್ಟ್ರೇಲಿಯಾದ ಸಿಡ್ನಿಯ ಆಪೆರಾ ಹೌಸಿನಲ್ಲಿ 'ಮೈ ಫೇರ್ ಲೇಡಿ'ಯನ್ನು ಮತ್ತೆ ಆಡಿಸಿದರು. ನಿರ್ದೇಶಿಸಿದವರು ಜೂಲಿ ಆಂಡ್ರೂಸ್. ಹಾಡುವ ಕಂಠ ಹೋದ ಎಂಬತ್ತರ ಮುದುಕಿ, ಮೊದಲ ಎಲೈಜಾ. ಅವರ ಕೈಕೆಳಗೆ ಹಿಗ್ಗಿನ್ಸ್ ಆದವರು ಅಲೆಕ್ಸ್ ಜೆನಿಂಗ್ಸ್. ಇದನ್ನು ನಾನು ನಾಟಕದ ನಂತರ ಓದಿದೆ. ಮುಂಚೆಯೇ ಓದಿದ್ದರೆ ಹೊಲಕ್ಕೆ ಇನ್ನೂ ಬೇಗ ಹೋಗುತ್ತಿದ್ದೆ. ಮುಂದಿನ ವರ್ಷ ಹುಡುಗರಿಗೆ ಪದ್ಯ ಹೇಳಿಕೊಡಲು ಮೇಷ್ಟ್ರ ಜೊತೆ ಕೂರುವುದಾಗಿ ಚಿಕ್ಕಪ್ಪ ಒಪ್ಪಿದ್ದಾರೆ.

ಅಂದು ಬೆಳಗ್ಗೆ ಮನೆಗೆ ಬಂದು, ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಳ್ಳುತ್ತಿದ್ದೆ. ಕಿರೀಟ ಜಗಲಿಯ ಮೇಲಿತ್ತು, ಟವಲಿನ ಸಮೇತ. ಚಿಕ್ಕಪ್ಪ ಕೊಟ್ಟಿಗೆಯಿಂದ ಕೂಗಿದರು. ಕೂಗೆಂದರೆ ಕೂಗಲ್ಲ, ಉಸಿರು. "ಮಗಾ, ಅಸುಗೆ ಉಲ್ಲು ಆಕ್ದಾ?"

"ಆಕ್ತೀನಿ ಚಿಕ್ಕಪ್ಪಾ" ಎಂದೆ.